ಎ.ಸಿ. ಕೋಣೆಯಲ್ಲಿ ಬಾಣಂತಿ

ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ನನ್ನ ಅತ್ತೆ ಬಾಣಂತಿ ಕೋಣೆಯಿಂದ ಹೊರಬಂದು, ಗೋಡೆ ಹಿಡಿದುಕೊಂಡು ಎರಡು ಹೆಜ್ಜೆ ಇಟ್ಟು, ನನ್ನ ಚಪ್ಪಲಿಗಳ ಮೇಲೆ ವಾಂತಿ ಮಾಡಿದರು. ಕರೆಂಟು ಹೋಗಿ ಎಷ್ಟು ಹೊತ್ತಾಯಿತು ಎಂದು ನಾನು ಆಗಷ್ಟೇ ಗೋಡೆಯ ಗಡಿಯಾರ ನೋಡಿದ್ದೆ. ಆದ್ದರಿಂದ ಆ ಹೊತ್ತು ತಲೆಯಲ್ಲಿ ಮೊಳೆ ಹೊಡೆದಂತೆ ನಿಂತುಬಿಟ್ಟಿದೆ. ಇವತ್ತಿಗೂ ಯಾವ ಗಡಿಯಾರದಲ್ಲಾದರೂ ಹನ್ನೊಂದು ಇಪ್ಪತ್ತು ಕಂಡರೆ ಮುಖ ತಿರುಗಿಸಿಬಿಡುತ್ತೇನೆ.

ಅತ್ತೆಯ ಹೆಸರು ಜವರಮ್ಮ. ಹೊಳೆನರಸೀಪುರ ತಾಲ್ಲೂಕಿನ ಹಳೇಕೋಟೆಯವರು. ಅಳಿಯನ ಎದುರಿಗೆ ಕುರ್ಚಿಯ ಮೇಲೂ ಕೂರದ ಹೆಂಗಸು. ವಾಂತಿಯಾದದ್ದಕ್ಕಿಂತ ಅದನ್ನು ಅಳಿಯ ನೋಡಿಬಿಟ್ಟನಲ್ಲ ಎಂಬುದೇ ಅವರಿಗೆ ದೊಡ್ಡ ಸಂಕಟವಾಯಿತು. ಸೆರಗನ್ನು ಬಾಯಿಗೆ ಒತ್ತಿಕೊಂಡು, "ನೀವು ಅತ್ತಗೋಗಿ ಅಳಿಮಯ್ಯ. ನಾನೇ ತೊಳಕತೀನಿ. ಒಳೀಕೆ ಮಾತ್ರ ಓಗ್ಬ್ಯಾಡಿ, ಬಾಣ್ತಿ ಈಗ್ ಕಣ್ಣು ಮುಚ್ಚವ್ಳೆ" ಎಂದರು.

ನಾನು ಅವರ ಮಾತು ಕೇಳಿದೆ. ಅಡುಗೆಮನೆಗೆ ಹೋಗಿ ನೀರು ತಂದೆ. ನಮ್ಮ ಕಡೆ ಬಾಣಂತಿ ಕೋಣೆಗೆ ಗಂಡಸರು ಸುಮ್ಮನೆ ನುಗ್ಗುವುದಿಲ್ಲ. ನೀರೆರೆದು ಮಲಗಿಸಿದ ಹೊತ್ತಿನಲ್ಲಂತೂ ಇಲ್ಲವೇ ಇಲ್ಲ. ಆ ಬಾಗಿಲ ಹಿಂದೆ ನನ್ನ ಹೆಂಡತಿ ಸುಧಾ ಮತ್ತು ಇನ್ನೂ ಹೆಸರಿಡದ ನನ್ನ ಮಗ ಮಲಗಿದ್ದರು.

ಮುಂದಿನದನ್ನು ಹೇಳುವ ಮೊದಲು ಆ ಕೋಣೆಯ ವಿಷಯ ಹೇಳಬೇಕು. ಯಾಕೆಂದರೆ ಊರಿನಲ್ಲಿ ಹಬ್ಬಿದ ಕಥೆಗಳು ಒಂದಕ್ಕಿಂತ ಒಂದು ಸುಳ್ಳು. ಎ.ಸಿ. ಸಿಡಿಯಿತಂತೆ, ಅದರ ಗ್ಯಾಸು ಸೋರಿತಂತೆ, ಹೆಂಡತಿಯನ್ನು ತವರಿಗೆ ಕಳಿಸದೆ ಶೋಕಿ ಮಾಡಿದ್ದಕ್ಕೆ ಹೀಗಾಯಿತಂತೆ. ಅಲ್ಲಿ ಇದ್ದವನು ನಾನು. ನಾನು ಹೇಳುವುದನ್ನು ಕೇಳಿ, ಆಮೇಲೆ ಬೇಕಾದರೆ ಬೈಯಿರಿ.

ನಾನು ಅರಕಲಗೂಡಿನವನು. ಹಾಸನದಲ್ಲಿ ಬಿ.ಕಾಂ. ಮಾಡಿ, ತೊಂಬತ್ತರ ದಶಕದ ನಡುವಿನಲ್ಲಿ ಚೆನ್ನೈಗೆ ಬಂದೆ. ಮೋಟಾರು ಬಿಡಿಭಾಗ ಮಾಡುವ ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ. ಬಂದ ಮೊದಲ ವಾರ ನನಗೆ ಜ್ವರ ಬಂದಿದೆ ಎಂದುಕೊಂಡು ಎರಡು ಸಲ ಡಾಕ್ಟರ ಬಳಿ ಹೋಗಿದ್ದೆ. ಜ್ವರವಲ್ಲ, ಅದು ಊರು. ಅರಕಲಗೂಡಿನಲ್ಲಿ ಸೆಕೆ ಎಂದರೆ ಏಪ್ರಿಲ್ ತಿಂಗಳ ಮಧ್ಯಾಹ್ನ. ಜಗಲಿಗೆ ಬಂದು ಕೂತರೆ ಮುಗಿಯಿತು, ರಾತ್ರಿಗೆ ದುಪ್ಪಟಿ ಬೇಕೇ ಬೇಕು. ಇಲ್ಲಿಯ ಸೆಕೆಗೆ ‘ಪುಳುಕ್ಕಂ’ ಎಂಬ ಬೇರೆ ಹೆಸರೇ ಇದೆ. ಇಡ್ಲಿ ಪಾತ್ರೆಯ ಒಳಗೆ ಕೂತು ಯಾರೋ ಮುಚ್ಚಳ ಹಾಕಿದಂತಹ ಸೆಕೆ. ಬಿಸಿಲು ಇಳಿದರೂ ಅದು ಇಳಿಯುವುದಿಲ್ಲ. ಸ್ನಾನ ಮಾಡಿ ಮೈ ಒರೆಸಿಕೊಂಡರೆ ಒರೆಸಿದ್ದು ನೀರೋ ಬೆವರೋ ತಿಳಿಯುವುದಿಲ್ಲ. ಬೀರುವಿನಲ್ಲಿಟ್ಟ ಬೆಲ್ಟಿಗೆ ಬೂಸಲು ಬರುತ್ತದೆ, ಡಬ್ಬಿಯ ಉಪ್ಪು ಕರಗಿ ನೀರಾಗುತ್ತದೆ.

ಸುಧಾ ಮದುವೆಯಾಗಿ ಬಂದ ಮೇಲೆ ಕಡಲಿಗೆ ಹತ್ತಿರ, ಮೊದಲ ಮಹಡಿಯಲ್ಲಿ ಬಾಡಿಗೆಗೆ ಮನೆ ಹಿಡಿದೆವು. ಮಾಲೀಕರು ನಿವೃತ್ತರು. ಅವರೂ ಅವರ ಹೆಂಡತಿ ವಳ್ಳಿಯಮ್ಮನೂ ಕೆಳಗಿನ ಮನೆಯಲ್ಲಿದ್ದರು. ಮಲಗುವ ಕೋಣೆಯಲ್ಲಿ ಕಿಟಕಿಗೆ ಕೂರಿಸಿದ ಹಳೆಯ ಎ.ಸಿ. ಇತ್ತು. ತಂಪು ಹೊರಗೆ ಹೋಗಬಾರದೆಂದು ಮಾಲೀಕರು ಗೋಡೆಯ ಮೇಲಿನ ಗಾಳಿಕಿಂಡಿಗೆ ಇಟ್ಟಿಗೆ ಕಟ್ಟಿಸಿ ಸಿಮೆಂಟು ಬಳಿಸಿದ್ದರು. ‘ಎ.ಸಿ. ರೂಂ ಇರುವ ಮನೆ’ ಎಂದು ಬಾಡಿಗೆಯೂ ಹೆಚ್ಚು. ಕರಾರು ಬಾಯಿಮಾತಿನದು. ಮೆಷಿನ್ನು ಅವರದು, ಕೆಟ್ಟರೆ ಖರ್ಚು ನಮ್ಮದು.

ಎ.ಸಿ. ಎಂದರೆ ಬೀರು ಕೊಂಡ ಹಾಗಲ್ಲ, ಹಸು ಕಟ್ಟಿದ ಹಾಗೆ ಎಂದು ನನಗೆ ಆಗ ತಿಳಿದಿರಲಿಲ್ಲ. ಹದಿನೈದು ದಿನಕ್ಕೊಮ್ಮೆ ಅದರ ಜಾಲರಿ ಬಿಚ್ಚಿ ತೊಳೆಯಬೇಕು. ಬಿಟ್ಟರೆ ನಮ್ಮ ಕೆಮ್ಮಿಗೂ ಅದರ ಕೆಮ್ಮಿಗೂ ವ್ಯತ್ಯಾಸ ತಿಳಿಯುವುದಿಲ್ಲ. ವರ್ಷಕ್ಕೆ ಎರಡು ಸಲ ಇಡೀ ಮೆಷಿನ್ನನ್ನು ಇಳಿಸಿ ಸರ್ವಿಸ್ ಮಾಡಿಸಬೇಕು. ವೋಲ್ಟೇಜು ಕುಣಿಯುವುದರಿಂದ ಸ್ಟೆಬಿಲೈಸರ್ ಬೇರೆ. ಕಡಲಿನ ಗಾಳಿಗೆ ಹಿಂಬದಿಯ ತಗಡುಗಳು ಹುಳ ತಿಂದ ಎಲೆಯಂತಾಗುತ್ತವೆ, ಎಲ್ಲೋ ಸಣ್ಣ ತೂತು ಬಿದ್ದು ಗ್ಯಾಸು ಹೋಗುತ್ತದೆ, ತುಂಬಿಸಿದರೆ ಆರು ತಿಂಗಳಿಗೆ ಮತ್ತೆ ಹೋಗುತ್ತದೆ. ಎರಡು ತಿಂಗಳಿಗೊಮ್ಮೆ ಬರುವ ಕರೆಂಟು ಬಿಲ್ಲು ಬೇಸಿಗೆಯಲ್ಲಿ ಬಾಡಿಗೆಯ ಪಕ್ಕ ನಿಂತು ಎತ್ತರ ನೋಡಿಕೊಳ್ಳುತ್ತಿತ್ತು.

ಮೆಕಾನಿಕ್ ಸೆಲ್ವಂ ಒಂದು ಕಾಲದಲ್ಲಿ ಬೆಂಗಳೂರಿನಲ್ಲಿದ್ದವನು, ಅರ್ಧ ಕನ್ನಡ ಬರುತ್ತಿತ್ತು. ಏನು ಕೆಟ್ಟರೂ ಅವನ ಉತ್ತರ ಒಂದೇ: "ಉಪ್ಪುಕ್ಕಾತ್ತು ಸಾರ್!" ಉಪ್ಪುಗಾಳಿ ಎಂದರ್ಥ. ಮೆಷಿನ್ ನಿಂತರೆ ಉಪ್ಪುಗಾಳಿ. ಅವನು ಹೇಳಿದ ದಿನಕ್ಕೆ ಬಾರದಿದ್ದರೆ ಅದಕ್ಕೂ ಉಪ್ಪುಗಾಳಿ, ಸ್ಕೂಟರು ತುಕ್ಕು ಹಿಡಿಯಿತಂತೆ. ಅವನ ಇನ್ನೊಂದು ಮಂತ್ರ, "ಗಾಳಿ ವೆಳಿಯೆ ಹೋದ್ರೆ ಕಾಸು ವೆಳಿಯೆ ಹೋಯ್ತು ಸಾರ್." ವೆಳಿಯೆ ಎಂದರೆ ಹೊರಗೆ. ಒಂದು ಬೆರಳು ಸಂದು ಕಂಡರೂ ಅವನು ಸ್ಪಂಜು ತುರುಕುತ್ತಿದ್ದ.

ಶೋಕಿ ಎಂದವರಿಗೆ ಇಲ್ಲೇ ಹೇಳಿಬಿಡುತ್ತೇನೆ. ಸುಧಾ ಬಸುರಿಯಾದಾಗ ಬಿ.ಪಿ. ಏರಿತು. ಕಾಲು ಊದಿಕೊಂಡು, ಮೈಯೆಲ್ಲ ಬೆವರುಸಾಲೆ ಎದ್ದು, ಮಲಗಲಾರದೆ ಕೂತೇ ಬೆಳಗು ಮಾಡುತ್ತಿದ್ದಳು. ತಂಪಾದ ಕೋಣೆಯಲ್ಲಿ ಮಲಗಬೇಕು, ಪ್ರಯಾಣ ಕೂಡದು ಎಂದು ಡಾಕ್ಟರು ಖಂಡಿತವಾಗಿ ಹೇಳಿದರು. ಹಾಗಾಗಿ ಮಗಳು ತವರಿಗೆ ಹೋಗುವ ಬದಲು ತವರೇ ಮಗಳ ಬಳಿಗೆ ಬಂತು. ಅತ್ತೆ ಹಳೇಕೋಟೆಯಿಂದ ಬಸ್ಸು, ಬಸ್ಸಿನಿಂದ ರೈಲು ಹಿಡಿದು ಬಂದರು. ಬಾಣಂತಿ ಖಾರ, ಬಜೆ, ಸಾಂಬ್ರಾಣಿ, ಮೆತ್ತಗಾದ ಹಳೆಯ ಸೀರೆಗಳು, ಜೊತೆಗೆ ಗೋಣಿಯಲ್ಲಿ ಸುತ್ತಿದ ಕಬ್ಬಿಣದ ಅಗ್ಗಿಷ್ಟಿಕೆ.

"ಇದನ್ಯಾಕವ್ವ ಹೊತ್ಕೊಂಡು ಬಂದೆ? ಈ ಊರೇ ಅಗ್ಗಿಷ್ಟಿಕೆ" ಎಂದು ಸುಧಾ ನಕ್ಕಳು.

"ನಗು ನಗು. ಎರುದ್ ಮೈಗೆ ಕೆಂಡದ್ ಕಾವು ಬ್ಯಾರೆ, ಬಿಸ್ಲು ಬ್ಯಾರೆ. ನನ್ ಕೈಲಿ ಎಷ್ಟ್ ಬಾಣಂತನ ಆಗವೆ, ಒಂದ್ ಕೂಸ್ಗೂ ಸೀತ ಆಗ್ನಿಲ್ಲ" ಎಂದರು ಅತ್ತೆ.

ಅದು ನಿಜ. ಹಳೇಕೋಟೆಯ ಸುತ್ತಮುತ್ತ ಅವರ ಕೈಯಲ್ಲಿ ಮಿಂದ ಮಕ್ಕಳು ಈಗ ಮೀಸೆ ತಿರುವುತ್ತಿದ್ದಾರೆ. ಬೆಳಿಗ್ಗೆ ಎಣ್ಣೆ ಹಚ್ಚಿ ತಾಯಿ ಮಗು ಇಬ್ಬರಿಗೂ ಎರೆದು, ಸಾಂಬ್ರಾಣಿ ಹೊಗೆ ಹಿಡಿದು, ಮಂಚದ ಬಳಿ ಕೆಂಡ ಇಟ್ಟು, ಬಾಗಿಲು ಮುಚ್ಚಿ ಬೆವರು ಬರುವ ತನಕ ಮಲಗಿಸುವುದು ಅವರ ಕ್ರಮ. ಕೆಂಡದ ಮೇಲೆ ಬುಟ್ಟಿ ಕವುಚಿ ಮಗುವಿನ ಬಟ್ಟೆಯನ್ನೂ ಒಣಗಿಸುತ್ತಿದ್ದರು.

ಎ.ಸಿ.ಯನ್ನು ಅವರು ಮೊದಲ ದಿನದಿಂದಲೇ ಸವತಿಯಂತೆ ನೋಡಿದರು. "ಹಸಿ ಬಾಣ್ತಿ ಮ್ಯಾಲೆ ಈ ಥಂಡಿ ಬಿದ್ರೆ ಸನ್ನಿ ಆಯ್ತದೆ ಕಣವ್ವ" ಎಂದರು. "ಅವ್ವ, ಇದಿಲ್ದಿದ್ರೆ ನಾನು ಬೆವರಲ್ಲೇ ಸಾಯ್ತೀನಿ" ಎಂದಳು ಸುಧಾ. ತಾಯಿ ಮಗಳು ಎರಡು ದಿನ ಮಾತು ಬಿಟ್ಟು, ಮೂರನೆಯ ದಿನ ರಾಜಿಯಾದರು. ಬೆಳಗಿನ ಹೊತ್ತು ಅವ್ವನ ಕೆಂಡ, ಮಧ್ಯಾಹ್ನದಿಂದ ಮಗಳ ಎ.ಸಿ. ಒಂದೇ ಕೋಣೆ ಹಗಲಿನ ಅರ್ಧ ಹೊತ್ತು ಹಳೇಕೋಟೆ, ಉಳಿದ ಹೊತ್ತು ಚೆನ್ನೈ. ಈ ರಾಜಿಗೆ ನಾನು ಬಹಳ ಸಂತೋಷಪಟ್ಟಿದ್ದೆ.

ಹೆರಿಗೆಯಾಗಿ ಮನೆಗೆ ಬಂದ ಮೇಲೆ ಎರಡು ವಾರ ಏನೂ ಆಗಲಿಲ್ಲ. ಎ.ಸಿ.ಯ ಅಕ್ಕಪಕ್ಕದ ಸಂದುಗಳಲ್ಲಿ, ಕಿಟಕಿಯ ಬಿರುಕಿನಲ್ಲಿ, ಬಾಗಿಲ ಕೆಳಗೆ ಒಂದಿಷ್ಟು ಗಾಳಿ ಆಡುತ್ತಿತ್ತು. ಆಮೇಲೆ ನವೆಂಬರಿನ ಚಂಡಮಾರುತ ಬಂತು. ಮಳೆ ಅಡ್ಡಡ್ಡ ಹೊಡೆದು ಆ ಸಂದುಗಳಿಂದಲೇ ನೀರು ಒಳಗೆ ನುಗ್ಗಿತು. ಶನಿವಾರ ಸೆಲ್ವಂ ಬಂದ. ಎ.ಸಿ.ಯ ಸುತ್ತ ಸ್ಪಂಜು ತುರುಕಿ ಅದರ ಮೇಲೆ ಅಂಟು ಮೆತ್ತಿದ, ಕಿಟಕಿಯ ಅಂಚಿಗೆಲ್ಲ ಅಗಲವಾದ ಟೇಪು ಹಚ್ಚಿದ, ಬಾಗಿಲ ಕೆಳಗೆ ರಬ್ಬರಿನ ಪಟ್ಟಿ ಹೊಡೆದ. "ಇನಿಮೇಲೆ ಇರುವೆ ಕೂಡ ಟಿಕೆಟ್ ತಗೊಂಡು ಒಳಗೆ ಬರ್ಬೇಕು ಸಾರ್" ಎಂದು ನಕ್ಕು, ಕೂಲಿ ತೆಗೆದುಕೊಂಡು ಹೋದ. ಕೆಲಸ ಅಚ್ಚುಕಟ್ಟಾಗಿತ್ತು. ಮರುದಿನವೇ ಭಾನುವಾರ.

ಬೆಳಿಗ್ಗೆ ಕರೆಂಟು ಹೋಯಿತು. ಆ ಊರಿಗೆ ಬಂದ ಮೇಲೆ ಮೊದಲ ಸಲ ಮಳೆಯ ಥಂಡಿಗೆ ನನಗೂ ಮೈ ಸ್ವಲ್ಪ ನಡುಗಿತು. ಮಗುವಿನ ಬಟ್ಟೆ ಒಂದೂ ಒಣಗಿರಲಿಲ್ಲ. ಅತ್ತೆ ಎಂದಿಗಿಂತ ಎರಡು ಹಿಡಿ ಇದ್ದಲು ಹೆಚ್ಚು ಹಾಕಿ, ಬಾಲ್ಕನಿಯಲ್ಲಿ ಕೆಂಡ ಮಾಡಿ, ಹೊಗೆಯೆಲ್ಲ ಹೋದ ಮೇಲೆ ಒಳಗೆ ಒಯ್ದು ಬಾಗಿಲು ಮುಚ್ಚಿದರು.

ಇನ್ನು ನಾನು ನೀರು ತಂದ ಹೊತ್ತಿಗೆ ಬರುತ್ತೇನೆ. ಅತ್ತೆ ಗೋಡೆಗೆ ಒರಗಿ ಕೂತಿದ್ದರು. ಲೋಟವನ್ನು ಕೈಗೆ ಕೊಟ್ಟರೆ ಅದು ಕೈಯಲ್ಲಿ ನಿಲ್ಲದೆ ಉರುಳಿತು. "ತಲೆ ಒಡುದ್ ಓಯ್ತಾ ಐತೆ ಕಣಪ್ಪ" ಎಂದರು. ಅಳಿಮಯ್ಯ ಎನ್ನದೆ ಅಪ್ಪ ಎಂದದ್ದು ನನಗೆ ಹೆದರಿಕೆ ತಂದಿತು. ಬಾಗಿಲ ಬಳಿ ನಿಂತು, "ಸುಧಾ, ಅವ್ವನಿಗೆ ಹುಷಾರಿಲ್ಲ ನೋಡು" ಎಂದು ಕೂಗಿದೆ. ಉತ್ತರವಿಲ್ಲ. ನಿದ್ದೆಯಲ್ಲಿದ್ದರೂ ಕರೆದರೆ ‘ಹ್ಞೂಂ’ ಎನ್ನುವವಳು ಅವಳು. ಎರಡನೆಯ ಸಲ ಕೂಗಿದೆ. ಬಾಗಿಲು ತಳ್ಳಿದೆ. ಹೊಸ ರಬ್ಬರು ನೆಲಕ್ಕೆ ಉಜ್ಜಿ ಬಾಗಿಲು ತಡೆದು ತಡೆದು ತೆರೆದುಕೊಂಡಿತು.

ಹೊಗೆ ಇರಲಿಲ್ಲ. ಕೆಟ್ಟ ವಾಸನೆ ಇರಲಿಲ್ಲ. ಸಾಂಬ್ರಾಣಿಯ ಪರಿಮಳ, ಬುಟ್ಟಿಯ ಮೇಲೆ ಮಗುವಿನ ಪುಟ್ಟ ಅಂಗಿಗಳು, ಕೆಳಗೆ ತಣ್ಣಗೆ ಹೊಳೆಯುವ ಕೆಂಡ. ಸುಧಾಳ ಕೆನ್ನೆ ಕೆಂಪಗಿತ್ತು. ಆ ಒಂಬತ್ತು ತಿಂಗಳಲ್ಲಿ ಅವಳು ಅಷ್ಟು ಚೆನ್ನಾಗಿ ಕಂಡದ್ದೇ ಇಲ್ಲ. ಅದನ್ನೇ ನಾನು ಈಗಲೂ ಮತ್ತೆ ಮತ್ತೆ ನೋಡುವುದು. ಒಂದು ಕ್ಷಣ, ಅಯ್ಯೋ ಪಾಪ ಮಲಗಿರಲಿ, ಎಂದುಕೊಂಡು ನಾನು ಬಾಗಿಲು ಎಳೆದುಕೊಳ್ಳುವವನಿದ್ದೆ. ಅಷ್ಟರಲ್ಲಿ ಅವಳ ತುಟಿಯಂಚಿನಲ್ಲಿ ಜೊಲ್ಲು ಇಳಿದಿರುವುದು ಕಂಡಿತು. ಭುಜ ಅಲುಗಾಡಿಸಿದರೆ ತಲೆ ಒಂದು ಕಡೆಗೆ ವಾಲಿತು. ಮಗುವನ್ನು ಎತ್ತಿದೆ. ಸೀರೆಯ ಸುತ್ತಿನೊಳಗೆ ಅದು ನೆನೆದ ಬಟ್ಟೆಯ ಗಂಟಿನಂತೆ ತೂಗಿತು.

ಮಗುವನ್ನು ಎದೆಗೆ ಅವುಚಿಕೊಂಡು ಮೆಟ್ಟಿಲು ಹತ್ತಿ ಮಾಳಿಗೆಗೆ ಓಡಿದೆ. ಇಲ್ಲಿಯವರು ಅದನ್ನು ‘ಮೊಟ್ಟೈಮಾಡಿ’ ಎನ್ನುತ್ತಾರೆ, ಸೂರಿಲ್ಲದ ಬೋಳು ಮಾಳಿಗೆ. ಅಲ್ಲಿಗೇ ಯಾಕೆ ಓಡಿದೆನೋ ನನಗೆ ತಿಳಿಯದು. ಗಾಳಿ ಅಲ್ಲಿತ್ತು, ಅಷ್ಟೇ. ನನ್ನ ಕೂಗು ಕೇಳಿ ವಳ್ಳಿಯಮ್ಮ ಹಿಂದೆಯೇ ಬಂದರು. "ಐಯೋ, ಕುಳಂದೈ!" ಎಂದು ಮಗುವನ್ನು ಕಿತ್ತುಕೊಂಡು, ಮಳೆಗೆ ಬೆನ್ನು ಕೊಟ್ಟು ನಿಂತು, ಅದರ ಅಂಗಾಲಿಗೆ ಬೆರಳಿನಿಂದ ಹೊಡೆಯತೊಡಗಿದರು. ನಾನು ಕೆಳಗಿಳಿದು ಸುಧಾಳನ್ನು ಹಾಸಿಗೆಯ ಬಟ್ಟೆ ಸಮೇತ ಬಾಲ್ಕನಿಗೆ ಎಳೆದೆ. ಅತ್ತೆ ತೆವಳಿಕೊಂಡು ಬಂದು ಮಗಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ಗಾಳಿಗೆ ಮಳೆ ಮೂವರ ಮೈಮೇಲೂ ಬೀಳುತ್ತಿತ್ತು. ಹಸಿ ಬಾಣಂತಿ ಮಳೆಯಲ್ಲಿ ನೆನೆಯುತ್ತಿದ್ದಳು, ಅವಳ ತಾಯಿ ಅದನ್ನು ತಡೆಯಲಿಲ್ಲ.

ಮೇಲಿನಿಂದ ಅಳು ಕೇಳಿಸಿತು. ಬೆಕ್ಕಿನ ಮರಿಯ ಹಾಗೆ, ಒಂದೇ ಒಂದು ಎಳೆ. ಆಮೇಲೆ ಇನ್ನೊಂದು.

ಆಟೋದಲ್ಲಿ ನರ್ಸಿಂಗ್ ಹೋಮಿಗೆ ಹೋದೆವು. ತಾಯಿ ಮಗು ಇಬ್ಬರಿಗೂ ಆಮ್ಲಜನಕ ಹಚ್ಚಿದರು. ಸುಧಾ ಸಂಜೆಗೆ ಕಣ್ಣು ಬಿಟ್ಟು, "ಮಗು ಹಾಲು ಕುಡಿದಿಲ್ಲ" ಎಂದಳು. ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದು, "ಎ.ಸಿ. ರೂಮಾ? ಉಳ್ಳೇ ಕರಿ ಪೋಟ್ಟೀಂಗಳಾ?" ಎಂದರು. ಒಳಗೆ ಇದ್ದಲು ಹಾಕಿದ್ದಿರಾ ಎಂದು ಕೇಳಿದ್ದು. ಕೆಂಡದಿಂದ ಹೊರಡುವ ವಿಷಗಾಳಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಮುಚ್ಚಿದ ಕೋಣೆಯಲ್ಲಿ ಅದು ನಿದ್ದೆ ಮಾಡಿಸಿಯೇ ಕೊಲ್ಲುತ್ತದೆ ಎಂದರು. ತಾಯಿ ಉಳಿದುಕೊಂಡಳು. ಮಗುವಿನ ಮೆದುಳಿಗೆ ಪೆಟ್ಟಾಗಿದೆಯೋ ಇಲ್ಲವೋ ಈಗಲೇ ಹೇಳಲು ಆಗುವುದಿಲ್ಲ. ಮುಖ ನೋಡಿ ನಗಬೇಕು, ಕತ್ತು ನಿಲ್ಲಬೇಕು, ಸದ್ದಿನ ಕಡೆಗೆ ತಿರುಗಬೇಕು. "ಕಾಯಿರಿ" ಎಂದರು.

ಕಾಯುವುದು ಎಂಬ ಮಾತು ಎಷ್ಟು ಭಾರ ಎಂದು ಅಂದು ತಿಳಿಯಿತು. ಆದರೆ ಜನ ಕಾಯಲಿಲ್ಲ. ಅಪರಾಧಿ ಯಾರೆಂದು ಅವರವರೇ ತೀರ್ಮಾನಿಸಿಬಿಟ್ಟರು. ಮಾಲೀಕರು ಮೆಟ್ಟಿಲಲ್ಲಿ ನಿಂತು, ಹಳ್ಳಿಯ ಹೆಂಗಸನ್ನು ಎ.ಸಿ. ಕೋಣೆಗೆ ಬಿಟ್ಟರೆ ಇನ್ನೇನಾಗುತ್ತದೆ ಎಂದರು. ಅವರ ಜೊತೆ ನಾನು ಅದುವರೆಗೆ ತಗ್ಗಿ ಮಾತಾಡುತ್ತಿದ್ದವನು. ಅಂದು ನನ್ನ ಮುರುಕು ತಮಿಳಿನಲ್ಲೇ ಕೇಳಿದೆ: "ಗಾಳಿಕಿಂಡಿಗೆ ಇಟ್ಟಿಗೆ ಕಟ್ಟಿದ್ದು ಯಾವ ಹಳ್ಳಿಯವರು ಸಾರ್?" ಅವರು ಬಾಗಿಲು ಹಾಕಿಕೊಂಡರು. ವಳ್ಳಿಯಮ್ಮ ಮಾತ್ರ ಅಂದಿನಿಂದ ದಿನವೂ ರಸದ ಪಾತ್ರೆ ಹಿಡಿದು ಮೇಲೆ ಬರತೊಡಗಿದರು.

ಸುದ್ದಿ ಕೇಳಿ ಸುಧಾಳ ಅಣ್ಣ ಮಂಜೇಗೌಡ ಚನ್ನರಾಯಪಟ್ಟಣದಿಂದ ಬಾಡಿಗೆ ವ್ಯಾನಿನಲ್ಲಿ ಬಂದ. ಅಲ್ಲಿ ಅವನದು ಗೊಬ್ಬರದ ಅಂಗಡಿ. ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದ.

"ಏನ್ ಭಾವ, ಲೆಕ್ಕ ಬರ್ಯಕ್ಕೆ ಇಷ್ಟ್ ದೂರ ಬರ್ಬೇಕಿತ್ತಾ? ನಮ್ ಕಡೆ ಕೂಡೋದು ಕಳ್ಯೋದು ಇಲ್ವಾ?"

"ಕೂತ್ಕೊ ಮಂಜಣ್ಣ, ಮೊದ್ಲು ಕಾಫಿ ಕುಡಿ."

"ಕಾಫಿ ಕುಡ್ಯಕ್ಕೆ ಬಂದಿಲ್ಲ. ಕಿಟ್ಕಿ ತೆಗುದ್ರೆ ಬಿಲ್ ಬತ್ತದೆ ಅನ್ನೋ ಊರ್ನಲ್ಲಿ ಮನುಷ್ರು ಬದ್ಕಕಾಯ್ತದಾ? ಉಸ್ರಾಡಕ್ಕೂ ಮೀಟ್ರು ಮಡಗವ್ರಲ್ಲ! ಸುಧಾ, ಬಟ್ಟೆ ಕಟ್ಟವ್ವ. ವ್ಯಾನ್ ಕೆಳಗೈತೆ."

ಸುಧಾ ಮಂಚದ ಮೇಲಿಂದಲೇ, "ನಾನೇನು ಗೊಬ್ಬರದ ಮೂಟೆಯಾ ಅಣ್ಣ, ವ್ಯಾನಿಗೆ ಹೇರ್ಕೊಂಡು ಹೋಗೋಕೆ? ನನ್ನ ಮಗುನ ನೋಡೋ ಡಾಕ್ಟರು ಇಲ್ಲಿದಾರೆ. ನಾನು ಬರಲ್ಲ" ಎಂದಳು.

"ಸಾಯಕ್ಕಾ ಇರೋದು?"

"ಬದುಕೋಕೆ. ಸಾಯೋದು ಆಗಿದ್ರೆ ಆವತ್ತೇ ಆಗ್ತಿತ್ತು."

ಮಂಜೇಗೌಡ ನನ್ನ ಕಡೆ ತಿರುಗಿದ. ನಾನು ಅವನಿಗೆ ಹೇಳಿದ್ದನ್ನೇ ಈಗ ನಿಮಗೂ ಹೇಳುತ್ತೇನೆ. ನಮ್ಮ ಊರು ಒಳ್ಳೆಯದು, ಈ ಊರು ಕೆಟ್ಟದ್ದು ಎಂದು ನಾನು ಒಪ್ಪುವುದಿಲ್ಲ. ಕೆಂಡ ಕೆಟ್ಟದ್ದಲ್ಲ, ಎ.ಸಿ. ಕೆಟ್ಟದ್ದಲ್ಲ, ನಮ್ಮ ಅತ್ತೆ ದಡ್ಡಿಯಲ್ಲ. ಹಳೇಕೋಟೆಯ ಕೋಣೆಯ ಕೆಂಡ ಬೇರೊಂದು ಕೋಣೆಗೆ ಬಂತು, ಆ ಕೋಣೆ ಎಂಥದ್ದೆಂದು ಕೆಂಡಕ್ಕೆ ಗೊತ್ತಿರಲಿಲ್ಲ. ಇದಕ್ಕೆ ಹೆದರಿ ಓಡಿಹೋದರೆ ನನ್ನ ಮಗನಿಗೆ ನಾನು ಹೇಳಿಕೊಡುವುದು ಓಟವನ್ನು ಮಾತ್ರ.

ವ್ಯಾನಿನಲ್ಲಿ ಹೋದವರು ಅತ್ತೆ ಒಬ್ಬರೇ. ಆ ದಿನದಿಂದ ಅವರು ಮಗುವನ್ನು ಮುಟ್ಟಿರಲಿಲ್ಲ. ಸುಧಾ ತೊಡೆಯ ಮೇಲೆ ಇಡಲು ಹೋದರೆ ಕೈ ಹಿಂದಕ್ಕೆ ಕಟ್ಟಿಕೊಳ್ಳುತ್ತಿದ್ದರು. ಹೊರಡುವಾಗಲೂ ಬಾಗಿಲಲ್ಲಿ ನಿಂತು ದೂರದಿಂದಲೇ ನೋಡಿ, ಸೆರಗಿನಲ್ಲಿ ಮೂಗು ಒರೆಸಿಕೊಂಡು ಇಳಿದುಹೋದರು. ಅಗ್ಗಿಷ್ಟಿಕೆಯನ್ನು ದಾರಿಯಲ್ಲಿ ಯಾವುದೋ ಸೇತುವೆಯಿಂದ ಎಸೆದರಂತೆ.

ಆಮೇಲೆ ನಾನು ಮಾಡಿದ್ದನ್ನು ಕೇಳಿದರೆ ನೀವು ನಗುತ್ತೀರಿ. ಸೆಲ್ವಂ ಹಚ್ಚಿದ ಟೇಪನ್ನೆಲ್ಲ ಕಿತ್ತೆ. ಬಾಗಿಲ ರಬ್ಬರು ಕಿತ್ತೆ. ಮಾಲೀಕರು ಮಾರುಕಟ್ಟೆಗೆ ಹೋದಾಗ ಉಳಿ ಸುತ್ತಿಗೆ ತಂದು ಗಾಳಿಕಿಂಡಿಯ ಇಟ್ಟಿಗೆಗಳನ್ನು ನಾನೇ ಒಡೆದೆ. ಅದಕ್ಕೆ ಅವರು ಮುಂಗಡದಲ್ಲಿ ಹಣ ಮುರಿದುಕೊಂಡರು, ಮುರಿದುಕೊಳ್ಳಲಿ ಎಂದೆ. ಕಿಟಕಿಯನ್ನು ಒಂದು ಗೇಣು ತೆರೆದಿಟ್ಟು ಎ.ಸಿ. ಹಾಕಿದೆ.

ಹೀಗೆ ನಡೆಸಿದರೆ ಮೆಷಿನ್ನಿನ ಗತಿ ಏನಾಗಬೇಕೋ ಅದೇ ಆಯಿತು. ಹೊರಗಿನ ಪುಳುಕ್ಕಂ ಒಳಗೆ ಬಂದು ಹನಿ ಹನಿಯಾಗಿ ಇಳಿದು ಗೋಡೆ ಹಸಿರಾಯಿತು. ಕೋಣೆ ತಣ್ಣಗಾಗದೆ ಮೆಷಿನ್ನು ಬಿಡುವಿಲ್ಲದೆ ಓಡಿತು. ಫೆಬ್ರುವರಿಯಲ್ಲಿ ಕೆಪಾಸಿಟರ್ ಹೋಯಿತು, ಮಾರ್ಚಿನಲ್ಲಿ ಗ್ಯಾಸು ಹೋಯಿತು, ಏಪ್ರಿಲಿನಲ್ಲಿ ಕಂಪ್ರೆಸರೇ ಸುಟ್ಟಿತು. ಬಿ.ಕಾಂ. ಓದಿದ ನಾನು ನನ್ನ ಮನೆಯ ಖರ್ಚಿನ ಮೊತ್ತ ಹಾಕುವುದನ್ನೇ ಬಿಟ್ಟೆ. ಸುಧಾಳ ಬಳೆಗಳು ಒಂದು ಬೇಸಿಗೆ ಬ್ಯಾಂಕಿನಲ್ಲಿ ಕಳೆದವು.

"ಊರುಕ್ಕೇ ಎ.ಸಿ. ಪೋಡ್ರೀಂಗಳಾ ಸಾರ್?" ಎಂದು ಸೆಲ್ವಂ ತಲೆ ಚಚ್ಚಿಕೊಂಡ. ಇಡೀ ಊರಿಗೇ ಎ.ಸಿ. ಹಾಕುತ್ತೀರಾ ಎಂದು. "ನಾನ್ ಶೊಲ್ಲಿದ್ದು ಕೇಳಿ. ಆ ಗಾಳಿಕಿಂಡಿ ಇರ್ಲಿ, ಕಿಟಕಿ ಮುಚ್ಚಿ. ಇಲ್ಲಾಂದ್ರೆ ಮೆಷಿನ್ ಸಾಯತ್ತೆ."

"ಸಾಯಲಿ ಸೆಲ್ವಂ. ಮೆಷಿನ್ ಸತ್ರೆ ಇನ್ನೊಂದು ಬರತ್ತೆ."

ಅವನು ಮಗುವಿನ ಕಡೆ ನೋಡಿ, ಮೆಷಿನ್ನಿನ ಸ್ಕ್ರೂ ಬಿಚ್ಚತೊಡಗಿದ. ಆ ಸಲ ಅವನು ಉಪ್ಪುಗಾಳಿಯ ಹೆಸರೆತ್ತಲಿಲ್ಲ.

ಹಗಲು ಹೇಗೋ ಕಳೆಯುತ್ತಿತ್ತು. ರಾತ್ರಿ ನಮ್ಮಿಬ್ಬರಲ್ಲಿ ಒಬ್ಬರು ಎದ್ದಿರಲೇಬೇಕು. ಮಾತಾಡಿ ಮಾಡಿಕೊಂಡ ಪಾಳಿಯಲ್ಲ, ತಾನಾಗಿ ಆದದ್ದು. ಮಗು ಅತ್ತರೆ ನೆಮ್ಮದಿ, ಸುಮ್ಮನೆ ಮಲಗಿದರೆ ಹೆದರಿಕೆ. ಅಷ್ಟು ಚಂದ ಮಲಗಿದ ಮುಖವನ್ನು ಇನ್ನೊಮ್ಮೆ ನಂಬಲು ಆಗುತ್ತಿರಲಿಲ್ಲ. ಅದರ ಮೂಗಿನ ಬಳಿ ಬೆರಳು ಹಿಡಿದು ಉಸಿರು ನೋಡುವುದು, ಹತ್ತು ನಿಮಿಷಕ್ಕೆ ಮತ್ತೆ ನೋಡುವುದು. ಆಫೀಸಿನಲ್ಲಿ ನಾನು ಕೂತಲ್ಲೇ ತೂಕಡಿಸುತ್ತಿದ್ದೆ. ಪಕ್ಕದ ಮೇಜಿನ ತಮಿಳು ಗೆಳೆಯರು ಎಬ್ಬಿಸದೆ ನನ್ನ ಅಂಕಿಗಳನ್ನು ತಾವೇ ತಿದ್ದಿ ಇಡುತ್ತಿದ್ದರು. ಅವರನ್ನು ಹೊರಗಿನವರು ಎಂದು ಯಾವ ಬಾಯಲ್ಲಿ ಹೇಳಲಿ?

ಮಗು ಮೊದಲು ನಕ್ಕಿದ್ದು ನಮ್ಮನ್ನು ನೋಡಿ ಅಲ್ಲ. ಸೆಲ್ವಂ ಜಾಲರಿ ತೊಳೆಯುತ್ತಿದ್ದಾಗ ಪೈಪು ಕೈತಪ್ಪಿ ಅವನ ಮುಖಕ್ಕೇ ನೀರು ಚಿಮ್ಮಿತು. ಸುಧಾಳ ಹೆಗಲ ಮೇಲಿದ್ದ ಮಗು ಬೊಚ್ಚುಬಾಯಿ ಅಗಲಿಸಿತು. "ಸಾರ್, ಸಿರಿಕ್ಕಿರಾನ್!" ಎಂದು ಸೆಲ್ವಂ ಕೂಗಿದ. ನಗುತ್ತಾನೆ ಎಂದು. ಸುಧಾ ಅಲ್ಲೇ ನೆಲದ ಮೇಲೆ ಕುಸಿದು ಅತ್ತಳು. ಪಾಪ, ಸೆಲ್ವಂ ಮತ್ತೊಂದು ಸಲ ಬೇಕೆಂದೇ ಮುಖಕ್ಕೆ ನೀರು ಹೊಡೆದುಕೊಂಡ. ಮಾರ್ಚಿನ ಹೊತ್ತಿಗೆ ಮಗುವಿನ ಕತ್ತು ನಿಂತಿತು. ಬಾಗಿಲ ಸದ್ದಿಗೆ ತಿರುಗಿತು. ಡಾಕ್ಟರಮ್ಮ ಬಹಳ ಹೊತ್ತು ನೋಡಿ, "ಇನ್ನು ನನ್ನ ಹತ್ತಿರ ಬರಬೇಡಿ, ಲಸಿಕೆಗೆ ಬಂದರೆ ಸಾಕು" ಎಂದರು. ಆದರೂ ನಿದ್ದೆ ಬರಲಿಲ್ಲ. ಡಾಕ್ಟರು ಹೇಳಿದ್ದು ತಲೆಗೆ ಇಳಿಯಿತು, ಬೆರಳಿಗೆ ಇಳಿಯಲಿಲ್ಲ.

ಮೇ ತಿಂಗಳಲ್ಲಿ ಹಳೇಕೋಟೆಗೆ ಹೋದೆವು. ಎಲ್ಲರೂ ಹೇಳಿದ್ದೇ: "ಊರಿನ ಗಾಳಿಗೆ ಬನ್ನಿ, ನಿದ್ದೆ ಒತ್ತರಿಸ್ಕೊಂಡು ಬತ್ತದೆ." ಆ ಮನೆಯ ಬಾಣಂತಿ ಕೋಣೆಯನ್ನು ನಾನು ಮೊದಲ ಸಲ ಕತ್ತೆತ್ತಿ ನೋಡಿದೆ. ನಾಡಹೆಂಚು. ಒಂದೊಂದು ಹೆಂಚಿನ ಸಂದಿನಲ್ಲೂ ಬೆಳಕಿನ ಗೆರೆ. ಆ ಗೆರೆಗಳಲ್ಲಿ ಅಷ್ಟು ತಲೆಮಾರಿನ ಕೆಂಡದ ವಿಷ ಸದ್ದಿಲ್ಲದೆ ಹೊರಗೆ ಹೋಗಿದೆ. ಯಾರೂ ಅದನ್ನು ಕಟ್ಟುವಾಗ ಇದಕ್ಕೆಂದು ಕಟ್ಟಿರಲಿಲ್ಲ.

ನಾವು ಬಂದ ಸುದ್ದಿಗೆ ಜಗಲಿಯಲ್ಲಿ ಹೆಂಗಸರು ಸೇರಿದರು. ಒಬ್ಬಾಕೆ ಸುಧಾಳ ಕೆನ್ನೆ ಸವರಿ, "ಅದ್ಯಾವ್ದೋ ಥಂಡಿ ಮಿಷನ್ನು ಗ್ಯಾಸ್ ಬುಟ್ಬುಡ್ತಂತಲ್ಲವ್ವ?" ಎಂದಳು. ಸುಧಾ ನನ್ನ ಮುಖ ನೋಡಿದಳು. ಅಷ್ಟರಲ್ಲಿ ಒಳಗಿಂದ ಅತ್ತೆ ಹೊಸ್ತಿಲಿಗೆ ಬಂದರು.

"ಯಾವ್ ಮಿಷನ್ನೂ ಅಲ್ಲ ಕಣೆ. ನಾನಿಕ್ಕಿದ್ ಕೆಂಡ."

ಅತ್ತೆ ಹೊಸ್ತಿಲು ದಾಟಿ ಅವಳ ಎದುರಿಗೇ ಬಂದರು.

"ಇಲ್ಲಿ ಹೆಂಚಿನ್ ಸಂದೀಲಿ ಓಗೋ ಇಸ, ಆ ತಾರ್ಸಿ ಮನೇಲಿ ಎಲ್ಲಿಗೆ ಓದಾತು? ನನ್ ಮಗ್ಳೂ ಮೊಮ್ಮಗ್ನೂ ನನ್ ಕೈಯಾರೆ ಓಗ್ಬುಡ್ತಿದ್ರು. ನಿನ್ ಸೊಸೆ ಹಾಸನದಾಗೆ ಹೊಸಾ ಮನೇಲಿ ಅವ್ಳಲ್ಲ, ಬಾಣಂತನಕ್ ಓಗ್ತೀಯಲ್ಲ? ಕಿಟ್ಕಿ ತಗ್ದು ಮಡಗು. ಇಲ್ಲಾ, ಕೆಂಡನೇ ಮಡಗ್ಬ್ಯಾಡ. ತಿಳೀತಾ?"

ಅಷ್ಟು ಜನರ ಮುಂದೆ ಅಷ್ಟು ಗಟ್ಟಿಯಾಗಿ ಅವರು ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಮಾನ ಹೋದರೂ ಸರಿ, ಇನ್ನೊಂದು ಮನೆಯಲ್ಲಿ ಹೀಗಾಗಕೂಡದು ಎಂದು ನಿಂತಿದ್ದರು. ಆದರೆ ಒಳಗೆ ಬಂದು ಮಗು ಅವರ ಸೆರಗಿಗೆ ಕೈ ಚಾಚಿದಾಗ ಮತ್ತೆ ಹಿಂದೆ ಸರಿದರು.

ಆ ತಂಪು ಗಾಳಿಯ ಊರಿನಲ್ಲಿ, ಸಂದುಸಂದಿನಲ್ಲೂ ಉಸಿರಾಡುವ ಆ ಮನೆಯಲ್ಲಿ, ನಾವು ಇಬ್ಬರೂ ಒಂದು ರಾತ್ರಿಯೂ ನಿದ್ದೆ ಮಾಡಲಿಲ್ಲ. ಬೆರಳು ಮಗುವಿನ ಮೂಗಿನ ಬಳಿಯೇ ಇತ್ತು. ಊರಿನ ಗಾಳಿ ತನ್ನ ಕೈಲಾದದ್ದನ್ನು ಮಾಡಿತು, ಅದಕ್ಕೂ ಆಗಲಿಲ್ಲ.

ಹೊರಡುವ ಹಿಂದಿನ ದಿನ ಅತ್ತೆ ಹಿತ್ತಿಲಲ್ಲಿ ಸೊಪ್ಪು ಬಿಡಿಸುತ್ತಿದ್ದರು. ಅಳಿಯ ಅತ್ತೆಯ ಬಳಿ ನೇರವಾಗಿ ಹೋಗಿ ಮಾತಾಡುವುದು ನಮ್ಮಲ್ಲಿ ರೂಢಿಯಿಲ್ಲ. ನಾನು ಹೋಗಿ ಎದುರಿಗೇ ಕುಕ್ಕರುಗಾಲಲ್ಲಿ ಕೂತೆ.

"ನಾಳೆ ನೀವೂ ಹೊರಡಿ ಅತ್ತೆ, ನಮ್ಮ ಜೊತೆ."

"ನಾನ್ಯಾಕ್ ಬರ್ಲಿ? ಇನ್ನೂ ಏನ್ ಮಾಡೋದ್ ಬಾಕಿ ಐತೆ?"

"ಮಗುಗೆ ಎರೆಯೋರಿಲ್ಲ."

"ನಿಮ್ಮನೇವ್ಳು ಎರೀತಾಳಲ್ಲ."

"ಅವಳು ಎರೆಯೋದಾ? ಬೈಕು ತೊಳೆದ ಹಾಗೆ ತೊಳೀತಾಳೆ."

ಅವರ ಬಾಯಿಂದ ನಗು ತಪ್ಪಿಸಿಕೊಂಡು ಬಂತು. ಕೂಡಲೇ ಸೆರಗು ಮುಚ್ಚಿಕೊಂಡರು. ಸೊಪ್ಪಿನ ದಂಟು ಮುರಿಯುತ್ತಾ, "ನನ್ ಕೈಗೆ ಕೊಡ್ತೀರಾ, ನಿಜ್ವಾಗ್ಲೂ?" ಎಂದರು. ನಾನು ಒಳಗೆ ಹೋಗಿ ಮಗುವನ್ನು ಎತ್ತಿ ತಂದು, ಸೊಪ್ಪು ಮಣ್ಣು ಎಲ್ಲ ಇದ್ದ ಅವರ ಮಡಿಲಿನಲ್ಲೇ ಇಟ್ಟುಬಿಟ್ಟೆ. ಅವರು ಕೈ ಹಿಂದಕ್ಕೆ ಕಟ್ಟಿಕೊಳ್ಳಲು ಹೋದರು. ಮಗು ಜಾರಿತು. ಕೈ ತಾನಾಗಿ ಬಂತು.

ನಾವು ಚೆನ್ನೈ ತಲುಪಿದಾಗ ಊರು ಕುದಿಯುತ್ತಿತ್ತು. ಸೆಲ್ವಂ ಹೊಸ ಕಂಪ್ರೆಸರ್ ಕೂರಿಸಿದ್ದ. ಗಾಳಿಕಿಂಡಿ ತೆರೆದಿರುತ್ತದೆ, ಕಿಟಕಿ ಮುಚ್ಚಿರುತ್ತದೆ ಎಂದು ಅವನಿಗೂ ನನಗೂ ರಾಜಿಯಾಯಿತು. ಅತ್ತೆ ಹಜಾರದಲ್ಲಿ ಮಲಗುತ್ತೇನೆ ಎಂದರು. ಆ ಸೆಕೆಯಲ್ಲಿ ಅವರನ್ನು ಹೊರಗೆ ಬಿಡಲು ಸುಧಾ ಒಪ್ಪಲಿಲ್ಲ, ಅಳಿಯನಿರುವ ಕೋಣೆಯಲ್ಲಿ ಮಲಗಲು ಅತ್ತೆ ಒಪ್ಪಲಿಲ್ಲ. ಕೊನೆಗೆ ಕೋಣೆಯ ಬಾಗಿಲನ್ನು ಪೂರ್ತಿ ತೆರೆದಿಟ್ಟು, ಹೊಸ್ತಿಲಿಗೆ ಸುಧಾಳ ಹಳೆಯ ಸೀರೆಯ ಪರದೆ ಕಟ್ಟಿ, ಅದರಾಚೆ ಅವರು ಚಾಪೆ ಹಾಸಿಕೊಂಡರು. ಮಗು ಅವರ ಪಕ್ಕದಲ್ಲಿ. ಒಂದು ಕೋಣೆಯ ಮೆಷಿನ್ನು ಎರಡು ಕೋಣೆಗೆ ದುಡಿಯಿತು. ಬಿಲ್ಲು ಎಷ್ಟು ಬಂತೆಂದು ಕೇಳಬೇಡಿ.

ಮರುದಿನ ಕಣ್ಣು ಬಿಟ್ಟಾಗ ನೆಲದ ಮೇಲೆ ಬಿಸಿಲು ಬಿದ್ದಿತ್ತು. ಆಫೀಸಿನ ಬಸ್ಸು ಹೋಗಿ ಎಷ್ಟೋ ಹೊತ್ತಾಗಿತ್ತು. ಸುಧಾ ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದಳು. ದಡಕ್ಕನೆ ಎದ್ದು ಪರದೆ ಸರಿಸಿದೆ. ಮಗು ಎಚ್ಚರವಾಗಿ, ತನ್ನ ಕಾಲಿನ ಹೆಬ್ಬೆರಳನ್ನು ಬಾಯಿಗೆ ಹಾಕಿಕೊಳ್ಳಲು ಸಾಹಸ ಮಾಡುತ್ತಿತ್ತು. ಅತ್ತೆ ಆಗಷ್ಟೇ ಎದ್ದು ಕೂತು, ಎಲ್ಲಿದ್ದೇನೆ ಎಂದು ತಿಳಿಯದವರಂತೆ ಸುತ್ತ ನೋಡುತ್ತಿದ್ದರು.

"ಎಚ್ರಾನೇ ಆಗ್ನಿಲ್ಲ ಕಣಳಿಮಯ್ಯ" ಎಂದರು ನಾಚಿಕೊಂಡು.

"ನನಗೂ ಆಗಲಿಲ್ಲ ಅತ್ತೆ."

ಆರು ತಿಂಗಳ ಮೇಲೆ ನಮ್ಮ ಮನೆಯವರೆಲ್ಲ ಒಂದೇ ಸಲ ಮಲಗಿದ ರಾತ್ರಿ ಅದು. ಹುಟ್ಟಿದ ಮಣ್ಣಿನಲ್ಲಿ ಬಾರದ ನಿದ್ದೆ, ಬಾಡಿಗೆಯ ಮನೆಯಲ್ಲಿ, ಕೆಟ್ಟು ರಿಪೇರಿಯಾದ ಮೆಷಿನ್ನಿನ ಗೊರಗೊರದ ಅಡಿಯಲ್ಲಿ ಬಂತು. ಇದರಿಂದ ನಾನು ಈ ಊರಿನವನಾದೆ ಎಂದು ನೀವು ತಿಳಿಯಬೇಡಿ. ಆ ಬೆಳಿಗ್ಗೆ ಕಿಟಕಿ ತೆರೆದು ಬಿಸಿಗಾಳಿ ಮುಖಕ್ಕೆ ಹೊಡೆದಾಗ ನನಗೆ ನೆನಪಾದದ್ದು ಅರಕಲಗೂಡಿನ ಜಗಲಿಯೇ. ಆದರೆ ವಾಪಸು ಬಾ ಎಂದು ಯಾರಾದರೂ ಆಗ ಕರೆದಿದ್ದರೆ ನಾನು ಹೊರಡುತ್ತಿರಲಿಲ್ಲ. ಈ ಎರಡೂ ನಿಜ, ಎರಡನ್ನೂ ನಾನು ಬಿಟ್ಟುಕೊಡುವುದಿಲ್ಲ.

ಅತ್ತೆ ಚಾಪೆ ಸುತ್ತಿಟ್ಟು, ಮಗುವನ್ನು ಸೊಂಟಕ್ಕೆ ಏರಿಸಿಕೊಂಡು, ಬಚ್ಚಲ ಕಡೆಗೆ ಒಂದು ಹೆಜ್ಜೆ ಇಟ್ಟು ನಿಂತರು.

"ನೀರ್ ಕಾಯಕ್ಕಿಡ್ಲಾ?" ಎಂದು ಕೇಳಿದರು.

"ಇಡಿ" ಎಂದೆ.